ಲಾರಿ ಮಲಗುವ ಚೌಕ

ಪಂಚಾಯಿತಿಯವರು ನಮ್ಮ ಬೀದಿಯಲ್ಲಿ ಸುಣ್ಣದ ಪುಡಿಯಿಂದ ಚೌಕ ಎಳೆದ ದಿನವನ್ನು ಬೀದಿಯವರು ಈಗ ಕಥೆ ಮಾಡಿಕೊಂಡಿದ್ದಾರೆ. ಆ ಕಥೆಯಲ್ಲಿ ಎಲ್ಲರೂ ಸರಿಯಾದ ಹೊತ್ತಿಗೆ ಸರಿಯಾದ ಮಾತನ್ನೇ ಆಡುತ್ತಾರೆ. ನಾನು ಅಲ್ಲೇ ನಿಂತಿದ್ದೆ, ಅಷ್ಟು ಚೆನ್ನಾಗಿ ಯಾರೂ ಮಾತಾಡಲಿಲ್ಲ. ನನ್ನ ನೆನಪಾದರೂ ಅದಕ್ಕಿಂತ ನೆಟ್ಟಗಿದೆ ಎಂದು ಹೇಳಲಾರೆ. ಖಚಿತವಿರುವುದನ್ನು ಖಚಿತವಾಗಿ ಬರೆಯುತ್ತೇನೆ. ಇಲ್ಲದ ಕಡೆ ಇಲ್ಲ ಎನ್ನುತ್ತೇನೆ.

ಲಾರಿ ನನ್ನ ಅಣ್ಣನದು, ಹತ್ತು ಚಕ್ರದ್ದು. ಪಣಕಹಳ್ಳಿ ಕಡೆಯ ಹೊಲಗಳಲ್ಲಿ ಕೋಸು ತುಂಬಿಸಿಕೊಂಡು ದಿಂಬಂ ಘಾಟಿ ಇಳಿದು ಕೆಳಗಿನ ಮಾರುಕಟ್ಟೆಗೆ ಹಾಕಿ ಬರುವುದು ಅವನ ಕೆಲಸ. ಸಂಜೆಯಾದ ಮೇಲೆ ಘಾಟಿಯಲ್ಲಿ ಲಾರಿಗಳನ್ನು ಬಿಡುವುದಿಲ್ಲ. ಕೋಸು ಕಡಿದು, ಮೂಟೆ ಕಟ್ಟಿ, ಏರಿಸುವಷ್ಟರಲ್ಲಿ ಸಂಜೆ ಆಗಿಯೇ ಇರುತ್ತದೆ. ಹಾಗಾಗಿ ತುಂಬಿದ ಲಾರಿ ಬೆಳಗಾಗುವ ತನಕ ಮಲೆಯ ಮೇಲೆಯೇ ಎಲ್ಲಾದರೂ ನಿಲ್ಲಬೇಕು. ಅದು ನಿಲ್ಲುತ್ತಿದ್ದದ್ದು ನಮ್ಮ ಬೀದಿಯಲ್ಲಿ. ಮೂತಿ ನಮ್ಮ ಮನೆಯ ಬಾಗಿಲು ಮುಟ್ಟುವ ಮುಂಚೆಯೇ ನಿಲ್ಲುತ್ತಿತ್ತು. ಹಿಂಭಾಗ ಪಕ್ಕದ ಮನೆಯ ದೊಡ್ಡವ್ವನ ಜಗಲಿಯ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ದೊಡ್ಡವ್ವ ನಮ್ಮ ಅಪ್ಪನ ಕಡೆಯ ದೂರದ ಸಂಬಂಧ. ವಯಸ್ಸಾದವಳು. ಹೊತ್ತು ಮುಳುಗುವಾಗ ಜಗಲಿಯ ಮೇಲೆ ಕೂತು ಬೀದಿ ನೋಡುವುದು ಅವಳ ದಿನದ ಅರ್ಧ ಬದುಕು.

ಆಮೇಲೆ ನಿಯಮ ಬಂತು. ಉದ್ದದ ಗಾಡಿಗಳು ಅನುಮತಿ ಇಲ್ಲದೆ ರಾತ್ರಿ ಬೀದಿಯಲ್ಲಿ ನಿಲ್ಲುವ ಹಾಗಿಲ್ಲ. ನಿಲ್ಲಿಸುವುದಾದರೆ ಊರಾಚೆಯ ಮೈದಾನದಲ್ಲಿ ನಿಲ್ಲಿಸಬೇಕು. ಮೈದಾನ ಚೆನ್ನಾಗಿಯೇ ಇದೆ, ಅಗಲವಾಗಿದೆ, ದೀಪವನ್ನೂ ಹಾಕಿದ್ದಾರೆ. ಆದರೆ ಅದರ ಒಂದು ಮಗ್ಗುಲು ಕಾಡು. ಕೋಸು ತುಂಬಿದ ಲಾರಿ ಅಲ್ಲಿ ನಿಂತರೆ ಆನೆಗೆ ಎಲೆ ಹಾಕಿ ಬಡಿಸಿದ ಹಾಗೆ. ಬೇರೆಯವರೊಬ್ಬರ ಲಾರಿಯ ಹಿಂಬಾಗಿಲನ್ನು ಆನೆ ಕಿತ್ತಿದ್ದನ್ನು ಅಣ್ಣ ನೋಡಿ ಬಂದಿದ್ದ. ಬೀದಿಯಲ್ಲಿ ಜಾಗ ಸಿಗದಿದ್ದರೆ ಕೋಸಿನ ಬಾಡಿಗೆಯನ್ನೇ ಬಿಡಬೇಕು, ಕೋಸು ಬಿಟ್ಟರೆ ಈ ಮಲೆಯ ಮೇಲೆ ಲಾರಿ ಇಟ್ಟುಕೊಂಡು ಮಾಡುವುದೇನು ಎಂದು ಅವನು ಊಟ ಬಿಟ್ಟು ಕೂತ. ಅವ್ವ ಬೈದು ಉಣ್ಣಿಸಿದಳು.

ಅನುಮತಿಗೆ ಮನು ಕೊಡಬೇಕಿತ್ತು. ನಾವು ಗಡಿಯ ತಮಿಳು ಮಗ್ಗುಲಿನ ಕನ್ನಡದವರು, ಅರ್ಜಿಗೆ ಕಚೇರಿಯ ತಮಿಳಿನಲ್ಲಿ ಮನು ಎನ್ನುತ್ತೇವೆ. ಅಕ್ಕಪಕ್ಕದ ಮತ್ತು ಎದುರಿನ ಮನೆಯವರು ತಮ್ಮ ತಕರಾರಿಲ್ಲ ಎಂದು ಸಹಿ ಹಾಕಬೇಕು. ಪಂಚಾಯಿತಿಯವರು ಬಂದು ಜಾಗ ಗುರುತು ಮಾಡುತ್ತಾರೆ. ಲಾರಿ ಆ ಗುರುತಿನೊಳಗೆ ನಿಂತದ್ದನ್ನು ನೋಡಿ ಅನುಮತಿ ಕೊಡುತ್ತಾರೆ. ಒಂದು ಚಕ್ರ ಹೊರಗಿದ್ದರೂ ಇಲ್ಲ. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು. ಒತ್ತುವಾಗ ಅಣ್ಣನಿಗೆ, “ನಿನ್ ಲಾರಿ ನಿಂತ್ರ ನನಗ ಬೀದಿನೇ ಕಾಣಲ್ಲ ಕಣ್ಲಾ. ಅದ್ರ ಕುಂಡಿ ನೋಡ್ಕಂಡೇ ಸಾಯ್ಬೇಕೇನೋ ನಾನು” ಎಂದಳು. ಎಲ್ಲರೂ ನಕ್ಕೆವು. ಅದು ನಗುವ ಮಾತಾಗಿತ್ತೋ ಇಲ್ಲವೋ ಎಂದು ನಾನು ಆಗ ಯೋಚಿಸಲಿಲ್ಲ.

ಗುರುತು ಹಾಕಲು ಪಂಚಾಯಿತಿಯಿಂದ ಬಂದವರು ಒಬ್ಬರೇ, ಕೆಳಗಿನ ಊರಿನವರು. ಅರ್ಧ ತಮಿಳು, ಅರ್ಧ ಕನ್ನಡ ಮಾತಾಡುವ ಸಮಾಧಾನದ ಮನುಷ್ಯ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಟೇಪು ಹಿಡಿದು ಅಳೆದು, ಬಕೆಟ್ಟಿನಿಂದ ಸುಣ್ಣದ ಪುಡಿ ಸುರಿಯುತ್ತ ಬೀದಿಯ ಒಂದು ಪಕ್ಕಕ್ಕೆ ಉದ್ದನೆಯ ಚೌಕ ಎಳೆದರು. ಚೌಕದ ಬಾಲ ದೊಡ್ಡವ್ವನ ಬಾಗಿಲಿನ ಮುಂದೆ ಮುಗಿಯುತ್ತಿತ್ತು. ಸಂಜೆ ಲಾರಿ ಬಂದಾಗ ನೋಡಿ ಫೋಟೊ ತೆಗೆಯುತ್ತೇನೆ, ನಾಳೆ ಕಚೇರಿಗೆ ಬಂದು ಅನುಮತಿ ತೆಗೆದುಕೊಳ್ಳಿ ಎಂದು ಹೇಳಿ ಹೋದರು.

ಆ ಹಗಲು ಬೀದಿಯವರು ಚೌಕವನ್ನು ತುಳಿಯಲಿಲ್ಲ. ಸುಣ್ಣದ ಗೆರೆ ಎಂದರೆ ಏನೋ ಕಟ್ಟು ಹಾಕಿದ್ದಾರೆ ಎಂಬ ಅಂಜಿಕೆ ನಮ್ಮವರಿಗೆ ಇದ್ದದ್ದೇ. ಸೈಕಲ್ಲಿನವರು ಸಹ ಸುತ್ತು ಹಾಕಿಕೊಂಡು ಹೋದರು.

ಇಲ್ಲಿಂದ ಮುಂದೆ ನನ್ನ ಬಳಿ ಎರಡು ಚಿತ್ರಗಳಿವೆ. ಒಂದರಲ್ಲಿ ದೊಡ್ಡವ್ವ ಸಗಣಿ ನೀರಿನ ಬಿಂದಿಗೆ ಹಿಡಿದು ಚೌಕವನ್ನು ದಿಟ್ಟಿಸುತ್ತ ಸ್ವಲ್ಪ ಹೊತ್ತು ನಿಂತಿದ್ದಾಳೆ. ಇನ್ನೊಂದರಲ್ಲಿ ನಿಂತೇ ಇಲ್ಲ, ದಿನದ ಹಾಗೆ ಗುಡಿಸಿ ನೀರು ಚೆಲ್ಲುತ್ತಿದ್ದಾಳೆ. ಮೊದಲನೆಯದು ಬೀದಿಯವರ ಕಥೆಯಿಂದ ನನ್ನೊಳಗೆ ಬಂದು ಕೂತದ್ದು ಇರಬಹುದು, ಏಕೆಂದರೆ ಆ ಹೊತ್ತಿನಲ್ಲಿ ನಾನು ಮನೆಯೊಳಗಿದ್ದೆ. ದೀಪ ಹಚ್ಚುವ ಮುಂಚೆ ಬಾಗಿಲ ಮುಂದೆ ಗುಡಿಸಿ, ಸಗಣಿ ನೀರು ಹಾಕಿ, ತನ್ನ ಮನೆಯ ಅಂಗಳ ಮುಗಿಯುವಲ್ಲಿ ರಂಗೋಲಿ ಪುಡಿಯಿಂದ ಒಂದು ಅಂಚಿನ ಗೆರೆ ಎಳೆಯುವುದು ಅವಳು ಮದುವೆಯಾಗಿ ಬಂದಾಗಿನಿಂದ ಮಾಡಿಕೊಂಡು ಬಂದದ್ದು. ಆ ಸಂಜೆಯೂ ಮಾಡಿದಳು. ಸುಣ್ಣದ ಚೌಕದ ಬಾಲ ಅಳಿಸಿಹೋಯಿತು. ಅವಳ ಅಂಚಿನ ಗೆರೆ ಉಳಿದ ಗೆರೆಗಳಿಗೆ ಅಡ್ಡಲಾಗಿ ಕೂಡಿಕೊಂಡಿತು. ಅಳಿದುಳಿದ ಚೌಕ ನೋಡುವವರಿಗೆ ಪೂರ್ತಿ ಚೌಕದಂತೆಯೇ ಕಂಡಿತು. ಗಿಡ್ಡವಾಗಿತ್ತು, ಅಷ್ಟೆ.

ಕೋಸು ತುಂಬಿಕೊಂಡು ಅಣ್ಣ ಬಂದ. ಹಿಂದೆಯೇ ಪಂಚಾಯಿತಿಯವರ ಸ್ಕೂಟರು. ಇನ್ನೂ ಬೆಳಕಿತ್ತು. ಅಣ್ಣ ಲಾರಿಯನ್ನು ಎಂದಿನ ಜಾಗದಲ್ಲಿ ನಿಲ್ಲಿಸಿ ಇಳಿದು ಹಿಂದಕ್ಕೆ ಬಂದು ನೋಡಿದರೆ, ಹಿಂದಿನ ಚಕ್ರಗಳೆಲ್ಲ ಚೌಕದ ಹೊರಗೆ.

“ಯಾರ್ಲಾ ಅಳಿಸ್ದವ್ರು ಇದ?” ಎಂದು ಅವನು ಕೂಗಿದ. ಕೈಯಲ್ಲಿ ಪೊರಕೆ ಹಿಡಿದೇ ದೊಡ್ಡವ್ವ ಜಗಲಿಗೆ ಬಂದಳು.

“ಬಾಕ್ಲ ಮುಂದ ಗಲೀಜು ಬುಟ್ಕಂಡು ದೀಪ ಅಚ್ಚಾಕಾದ್ದಾ? ನಾ ಗುಡಿಸ್ದಿ. ಏನೀಗ?”

“ಗಲೀಜಲ್ಲ ದೊಡ್ಡವ್ವ, ಅದು ಸರ್ಕಾರದ ಗೀಟು!”

“ಸರ್ಕಾರ ಬಂದು ನನ್ ಬಾಕ್ಲ ಗುಡಿಸ್ಕೊಟ್ಟದಾ? ಲಾರಿ ನಿಲ್ಸಾಕ ನಾ ಒಪ್ಕಂಡಿ. ಬಾಕ್ಲ ಗುಡಿಸಲ್ಲ ಅಂತ ಒಪ್ಕಂಡಿಲ್ಲ.”

ಪಂಚಾಯಿತಿಯವರು ಮಾತ್ರ ಚೌಕವನ್ನೇ ನೋಡುತ್ತಿದ್ದರು. ಅವರಿಗೆ ಸಿಟ್ಟು ಬರಲಿಲ್ಲ, ಗೊಂದಲವಾಯಿತು. “ನಾನ್ ಅಳೆದದ್ದೇ ತಪ್ಪಾ?” ಎಂದು ತಮ್ಮನ್ನೇ ಕೇಳಿಕೊಂಡರು. ಅಣ್ಣ ವಿವರಿಸಲು ಹೋದ. ಅವರು ಕೇಳಿಸಿಕೊಂಡು, ನಾಳೆಯೂ ಈ ಅಮ್ಮ ಗುಡಿಸುತ್ತಾರೆ, ನಾಡಿದ್ದೂ ಗುಡಿಸುತ್ತಾರೆ, ದಿನಾ ಬಂದು ಗೆರೆ ಎಳೆಯಲು ನನಗಾಗುತ್ತದೆಯೇ ಎಂದರು. ಈ ಗೆರೆ ಇಲ್ಲೇ ಇರಲಿ, ಲಾರಿಯನ್ನೇ ಮುಂದಕ್ಕೆ ತೆಗೆದುಕೊಳ್ಳಿ ಎಂದರು.

ಅಣ್ಣ ಮುಂದಕ್ಕೆ ತೆಗೆದ. ಹಿಂದಿನ ಚಕ್ರಗಳು ದೊಡ್ಡವ್ವನ ಗೆರೆ ದಾಟಿ ಒಳಗಾದವು. ಮೂತಿ ನಮ್ಮ ಬಾಗಿಲನ್ನು ಪೂರ್ತಿ ಮುಚ್ಚಿತು.

“ಇದು ಯಾರ ಮನೆ ಬಾಗಿಲು?”

“ನಮ್ಮದೇಯ ಸಾ.”

“ಹಾಗಾದರೆ ತೊಂದರೆ ಇಲ್ಲ. ಬೇರೆಯವರ ಬಾಗಿಲಾದರೆ ಮಾತ್ರ ಒಪ್ಪಿಗೆ ಬೇಕು” ಎಂದು ಅವರು ಬಕೆಟ್ಟು ತೆಗೆದುಕೊಂಡು ಮುಂದಿನ ಗೆರೆ ಎಳೆಯಲು ಹೊರಟರು.

ಆಗ ಲಾರಿಯ ಆ ಕಡೆಯಿಂದ ಅವ್ವನ ದನಿ ಬಂತು. ಬಾಗಿಲಲ್ಲಿ ನಿಂತಿದ್ದಳು. ಈ ಕಡೆ ನಿಂತ ಯಾರಿಗೂ ಕಾಣುತ್ತಿರಲಿಲ್ಲ.

“ನನ್ನ ಯಾರಾರ ಕೇಳುದ್ರಾ?”

ಯಾರೂ ಕೇಳಿರಲಿಲ್ಲ. ಎಡದ ಮನೆ, ಬಲದ ಮನೆ, ಎದುರು ಮನೆ, ಎಲ್ಲರ ಒಪ್ಪಿಗೆ ಕಾಗದದಲ್ಲಿತ್ತು. ಲಾರಿ ಯಾರ ಬಾಗಿಲು ಮುಚ್ಚುತ್ತದೋ ಆ ಮನೆಯ ಹೆಂಗಸಿನ ಒಪ್ಪಿಗೆಗೆ ಅದರಲ್ಲಿ ಜಾಗವೇ ಇರಲಿಲ್ಲ. ಅವ್ವ ಬೇಡ ಎಂದಿದ್ದರೆ ಕಾಗದಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಅಣ್ಣ ಲಾರಿಯನ್ನು ಮೈದಾನಕ್ಕೇ ಒಯ್ದುಬಿಡುತ್ತಿದ್ದ. ಅದು ಅವನಿಗೂ ಗೊತ್ತಿತ್ತು. ಬೀಗದ ಕೈ ಹಿಡಿದುಕೊಂಡು ಲಾರಿಯ ಮಗ್ಗುಲನ್ನೇ ನೋಡುತ್ತ ನಿಂತ.

“ಯಾನ ಮಾಡ್ಲವ್ವಾ?”

“ಕತ್ತಲ ಮನಲಿ ಕೂರ್ಸಿದ್ದೀಯಲ್ಲ, ಎಲ್ಲಿಗಂತ ಬರ್ಲಿ ನಾನು?”

ದೊಡ್ಡವ್ವ ಜಗಲಿಯಿಂದಲೇ, “ನೋಡು, ಈಗ ಗೊತ್ತಾಯ್ತದ” ಎಂದಳು. ಅದಕ್ಕೆ ಅವ್ವ, “ನೀ ಬಾಯ್ ಮುಚ್ಚಕ್ಕ. ಮಾಡದ್ನೆಲ್ಲ ಮಾಡ್ಬುಟ್ಟು” ಎಂದಳು. ಇಬ್ಬರ ನಡುವೆ ಲಾರಿಯಷ್ಟು ಕೋಸು ಇತ್ತು. ಎದುರುಮನೆಯವರು ಮುಖ ತಿರುಗಿಸಿ ನಕ್ಕರು.

ಆಮೇಲೆ ಅವ್ವ ಹೇಳಿದಳು: “ಕೋಸು ಇದ್ದ ದಿನ ಇಲ್ಲಿ ನಿಲ್ಸು. ಬರೀ ಲಾರೀನ ಆನ ತಿಂದದಾ? ಅದ ಮೈದಾನಕ್ಕ ತಕ್ಕಂಡೋಗು. ಕೋಸು ಇದ್ರೂ ಗ್ವಾಡ ಬುಟ್ಟು ದೂರಕ ನಿಲ್ಸು, ಕೊಡ ಇಡ್ಕಂಡು ಬರಾಕಾಗ್ಬೇಕು ನನಗ.”

ಇಲ್ಲಿ ನಾನು ನಿಲ್ಲಬೇಕು. ಬೀದಿಯವರ ಕಥೆಯಲ್ಲಿ ಅವ್ವ ಇದನ್ನೆಲ್ಲ ಅಲ್ಲೇ, ಲಾರಿಯ ಆ ಕಡೆಯಿಂದಲೇ ಹೇಳುತ್ತಾಳೆ. ಗೋಡೆ ಬಿಟ್ಟು ದೂರ ನಿಲ್ಲಿಸು ಎಂದದ್ದು ಅಂದೇ. ಪಂಚಾಯಿತಿಯವರು ಒಪ್ಪಿ ಗೆರೆಯನ್ನು ಬೀದಿಯ ಕಡೆಗೆ ಸರಿಸಿದ್ದು, ಸ್ಕೂಟರು ದಾಟುವಷ್ಟು ಜಾಗ ಉಳಿದಿದೆಯೇ ಎಂದು ತಮ್ಮ ಸ್ಕೂಟರನ್ನೇ ತಳ್ಳಿಕೊಂಡು ಹೋಗಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಖಾಲಿ ಲಾರಿಯ ಮಾತು ಬಹುಶಃ ಅಂದಿನದಲ್ಲ. ಕೆಲವು ದಿನ ಮಗ್ಗುಲಾಗಿ ನುಸುಳಿ ಓಡಾಡಿ, ಹಗಲೇ ದೀಪ ಹಾಕಿಕೊಂಡು ಅಕ್ಕಿ ಆರಿಸಿ, ಅವಳು ಮೆಲ್ಲಗೆ ತಲುಪಿದ ತೀರ್ಮಾನ ಅದು. ತೀರ್ಮಾನಗಳು ಹಾಗೆ ನಿಧಾನಕ್ಕೆ ಬರುತ್ತವೆ. ಹೇಳುವಾಗ ನಾವು ಅವನ್ನೆಲ್ಲ ಒಂದೇ ಸಂಜೆಗೆ ತುಂಬುತ್ತೇವೆ. ನಾನೂ ಈಗ ತುಂಬಿದೆ.

ಅದನ್ನು ಯಾವಾಗ ಹೇಳಿದ್ದೆಂದು ಅವ್ವನನ್ನೇ ಕೇಳಿದೆ. “ಯಾವಾಗ ಅಂದ್ರೇನ್ಲಾ? ನಾ ಅಂದಿ, ಅಷ್ಟೇಯ” ಎಂದಳು.

ದೊಡ್ಡವ್ವ ಬೇಕೆಂದೇ ಅಳಿಸಿದಳೇ ಎಂಬುದನ್ನು ಅವಳಲ್ಲಿ ನಾನು ಕೇಳಿಲ್ಲ. ಕೇಳಿದರೆ ಏನಾದರೂ ಒಂದು ಉತ್ತರ ಕೊಡುತ್ತಾಳೆ, ಆಮೇಲೆ ಅದೇ ನಿಜವಾಗಿ ಉಳಿದುಬಿಡುತ್ತದೆ.

ಅನುಮತಿಯ ಕಾಗದ ಲಾರಿಯ ಮುಂದಿನ ಗಾಜಿಗೆ ಅಂಟಿದೆ. ಅದು ಎಲ್ಲ ರಾತ್ರಿಗಳಿಗೂ ಕೊಟ್ಟದ್ದು, ಖಾಲಿ ಎಂದೋ ತುಂಬಿದ್ದು ಎಂದೋ ಅದರಲ್ಲಿ ಇಲ್ಲ. ಆದರೂ ಕೋಸು ಇಳಿಸಿ ಬಂದ ದಿನ ಅಣ್ಣ ಲಾರಿಯನ್ನು ಮೈದಾನದಲ್ಲಿ ಬಿಟ್ಟು ನಡೆದುಕೊಂಡು ಬರುತ್ತಾನೆ. ಬೀದಿಯ ತಿರುವಿನಲ್ಲಿ ಅವನು ಬರಿಗಾಲಿನ ಮಣ್ಣು ಒದರುತ್ತ ಬರುವುದು ಕಂಡರೆ ಅವ್ವ ಬಾಗಿಲನ್ನು ಇನ್ನಷ್ಟು ತೆರೆದು, ಚಾಪೆಯನ್ನು ಹೊರಗೆ, ಲಾರಿಯ ಚೌಕದೊಳಗೇ ಹಾಸಿ, ಹಿತುಕಲೆಂದು ನೆನೆಸಿದ ಅವರೆಕಾಳಿನ ಪಾತ್ರೆ ತಂದಿಟ್ಟುಕೊಳ್ಳುತ್ತಾಳೆ. ಬೆಳಕಿರುವಷ್ಟು ಹೊತ್ತು ಅಲ್ಲೇ ಕೂತು ಕಾಳು ಹಿತುಕುತ್ತಾಳೆ.