ಮಾತ್ರೆ ‘ಹೆಚ್ಚಾದ’ ಕಥೆ

ಇಪ್ಪತ್ತೆರಡು ವರ್ಷದಿಂದ ಹೊಸಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿರುವ ನಾನು ಹೋದ ತಿಂಗಳು ಕನ್ನಡದಲ್ಲೇ ಫೇಲಾದೆ. ಪರೀಕ್ಷೆ ಇಟ್ಟವರು ನಮ್ಮಮ್ಮ. ಪಾಸಾದದ್ದು ನಮ್ಮ ಮಹಡಿ ಮೇಲಿನ ಬಿಹಾರದ ಹೆಣ್ಣುಮಗಳು.

ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಗುವಿರಂತೆ.

ಒಂದು ಬೆಳಿಗ್ಗೆ ನನ್ನ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿಸಿದೆ. (ಪ್ರತಿ ಮನೆಯಲ್ಲೂ ಓದದೇ ಡಾಕ್ಟರಾದವನೊಬ್ಬ ಇರುತ್ತಾನೆ. ನಮ್ಮ ಮನೆಯಲ್ಲಿ ಅದು ನಾನು.) ಮಧ್ಯಾಹ್ನದ ಹೊತ್ತಿಗೆ ಆಕೆ ಎದ್ದು ಕೂರಲಾರದಂತಾದಳು. ಇಲ್ಲಿನ ಡಾಕ್ಟರು ನೋಡಿ, ಅಪೆಂಡಿಕ್ಸ್, ತಕ್ಷಣ ಬಳ್ಳಾರಿಗೆ ಒಯ್ಯಿರಿ ಅಂದರು.

ತಕ್ಷಣ! ನಮ್ಮ ರಸ್ತೆಯಲ್ಲಿ ಆ ಶಬ್ದಕ್ಕೆ ಈಗ ಅರ್ಥ ಉಳಿದಿದೆಯೇ? ತೋರಣಗಲ್ಲಿನ ಹತ್ತಿರ ಅದಿರು ಲಾರಿಗಳ ಸಾಲು. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ಕೆಂಪು ಧೂಳು ಮತ್ತು ನಮ್ಮ ಬಾಡಿಗೆ ಕಾರು. ಚೀನಾಕ್ಕೆ ಹೊರಟ ಮಣ್ಣಿಗೆ ದಾರಿಯಿತ್ತು, ಆಸ್ಪತ್ರೆಗೆ ಹೊರಟ ನಮಗಿರಲಿಲ್ಲ. ಒಂದೂವರೆ ತಾಸಿನ ದಾರಿಗೆ ನಾಲ್ಕು ತಾಸು ಹಿಡಿಯಿತು. ಬಳ್ಳಾರಿ ಮುಟ್ಟುವಷ್ಟರಲ್ಲಿ ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ನಂಜಾಗಿತ್ತು. ಆಪರೇಷನ್ ಆಯಿತು. ಹತ್ತು ಹನ್ನೆರಡು ದಿನ ಇಲ್ಲೇ ಇರಬೇಕು ಅಂದರು.

ಮನೆಯಲ್ಲಿ ಎಪ್ಪತ್ನಾಲ್ಕರ ಅಮ್ಮ ಒಬ್ಬರೇ. ಅವರಿಗೆ ಬಿಪಿ. ದಿನಾ ಬೆಳಿಗ್ಗೆ ಮಾತ್ರೆ ತಪ್ಪಿಸುವಂತಿಲ್ಲ. ನಾನು ಹೆಂಡತಿಯನ್ನು ಬಿಟ್ಟು ಊರಿಗೆ ಬರುವಂತಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೊಬೈಲಿನಿಂದ ಮನೆಯ ಫೋನಿಗೆ ಹಚ್ಚುತ್ತಿದ್ದೆ.

“ಅಮ್ಮಾ, ನಾಷ್ಟಾ ಆತಾ?”

“ಆತಪ್ಪ. ಆಕಿ ಹೆಂಗದಾಳ?”

“ಪರವಾಗಿಲ್ಲ. ನಿನ್ನ ಮಾತ್ರಿ ಅದಾವಿಲ್ಲ?”

“ಹೆಚ್ಚಾಗ್ಯಾವಪ್ಪ.”

“ಆತು ಬಿಡಮ್ಮ, ನೀ ಚಿಂತಿ ಮಾಡಬ್ಯಾಡ.”

ಮೂರನೇ ದಿನ ಶುರುವಾದ ಈ ಉತ್ತರ ನಾಲ್ಕನೇ ದಿನವೂ ಅದೇ, ಐದನೇ ದಿನವೂ ಅದೇ. ನನಗೆ ಸಮಾಧಾನ. ಎಲ್ಲ ಕೈಕೊಟ್ಟ ಹೊತ್ತಿನಲ್ಲಿ ಮಾತ್ರೆಯಾದರೂ ಬೇಕಾದಷ್ಟಿದೆಯಲ್ಲ! ಪಕ್ಕದ ಬೆಡ್ಡಿನವರ ಮುಂದೆ ಮಾತ್ರ “ಏನ್ ಮಾಡೋದ್ರಿ, ಕಷ್ಟ ಭಾಳ ಹೆಚ್ಚಾದ್ವು. ದೇವರು ನಮ್ಮನ್ನ ಮರತಾನ” ಅಂತ ದಿನಾ ಗೋಳಾಡುತ್ತಿದ್ದೆ.

ಎಂಟನೇ ದಿನ ಹೆಂಡತಿ ಗಂಜಿ ಕುಡಿದಳು. ಆಕೆಯ ಅಕ್ಕ ಬಂದು ಕೂತದ್ದರಿಂದ, ಬಟ್ಟೆ ತರಲು ಹೊಸಪೇಟೆಗೆ ಬಂದೆ. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಅಮ್ಮ ಮಲಗಿದ್ದಾರೆ. ಪಕ್ಕದಲ್ಲಿ ಮಹಡಿ ಮೇಲಿನ ಸುನೀತಾ ಕೂತು ಕಾಲು ಒತ್ತುತ್ತಿದ್ದಾಳೆ.

ಈ ಸುನೀತಾ ಯಾರು ಅಂತ ಹೇಳಬೇಕು. ಗಂಡ ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ವೆಲ್ಡಿಂಗ್ ಮಾಡುತ್ತಾನೆ. ಬಿಹಾರದಿಂದ ಬಂದು ಎರಡು ವರ್ಷವಾಗಿದೆ. ಆ ಎರಡು ವರ್ಷದಲ್ಲಿ ನಾನು ಆಕೆಯೊಂದಿಗೆ ಆಡಿದ್ದು ಒಂದೇ ಮಾತು: “ಮೋಟರ್ ಬಂದ್ ಮಾಡ್ರಿ, ಟ್ಯಾಂಕ್ ತುಂಬಿ ಹರಿಯಾಕತ್ತೈತಿ!” ಹೊರಗಿನವರು ಬಂದು ಊರು ಕೆಡಿಸಿದರು, ಬಾಡಿಗೆ ಏರಿಸಿದರು ಅಂತ ಇದೇ ಅಂಕಣದಲ್ಲಿ ಬರೆದೂ ಇದ್ದೇನೆ. ನೀವು ಚಪ್ಪಾಳೆ ತಟ್ಟಿದ್ದೂ ನೆನಪಿದೆ.

“ಟೆನ್ಷನ್ ಬ್ಯಾಡ ಸಾರ್, ಅಮ್ಮಾಜಿ ಈಗ ಠೀಕ್ ಅದಾರ” ಅಂದಳು.

ಆದದ್ದು ಇಷ್ಟು. ಹಿಂದಿನ ದಿನ ಆಕೆ ಬಟ್ಟೆ ಒಣಹಾಕಲು ಕೆಳಗೆ ಬಂದಾಗ ಅಮ್ಮ ತುಳಸಿಕಟ್ಟೆ ಹಿಡಿದು ಕೂತುಬಿಟ್ಟಿದ್ದರು. ತಲೆ ಸುತ್ತು, ಕಣ್ಣು ಕತ್ತಲೆ. ಏನಾಯಿತು ಅಂತ ಕೇಳಿದರೆ ಅಮ್ಮ ಹೇಳಿದ್ದು ಅದೇ ಮಾತು: “ಮಾತ್ರಿ ಹೆಚ್ಚಾಗ್ಯಾವ ತಾಯಿ.” ಸುನೀತಾ ಮಾತ್ರೆಯ ಖಾಲಿ ಹಾಳೆ ಹಿಡಿದು ಮೆಡಿಕಲ್ ಶಾಪಿಗೆ ಓಡಿದಳು. ಮಾತ್ರೆ ತಂದು, ಆಟೋದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದು, ಮನೆಗೆ ಕರೆತಂದು ಮಲಗಿಸಿದಳು. ನಾನು ಗಾಬರಿಯಾದೇನು ಅಂತ ಅಮ್ಮ ಫೋನಿನಲ್ಲಿ ಇದನ್ನು ಹೇಳಿರಲಿಲ್ಲ. ಇನ್ನೊಂದೆರಡು ದಿನ ತಡವಾಗಿದ್ದರೆ ಪಾರ್ಶ್ವವಾಯು ಹೊಡೆಯುತ್ತಿತ್ತಂತೆ.

ಆಗ ಹೊಳೆಯಿತು ನೋಡಿ, ನಾನೆಂಥ ದಡ್ಡ ಅಂತ.

ನಮ್ಮಮ್ಮ ಹುಟ್ಟಿದಾಗಿನಿಂದ ‘ಇಲ್ಲ’ ಅಂದವರಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ “ಅಕ್ಕಿ ಹೆಚ್ಚಾಗ್ಯಾವ.” ಉಪ್ಪು ತೀರಿದರೆ “ಉಪ್ಪು ಹೆಚ್ಚಾಗೈತಿ.” ಕುಂಕುಮದ್ದೂ ಹಾಗೆಯೇ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ನಿಮ್ಮ ಮನೆಯ ಹಿರಿಯರೂ ಹೀಗೇ ಅಲ್ಲವೇ? ಅಕ್ಕಿ, ಉಪ್ಪಿನ ವಿಷಯದಲ್ಲಾದರೆ ನಾನು ಸುಮ್ಮನೆ ಚೀಲ ಹಿಡಿದು ಹೊರಡುತ್ತಿದ್ದೆ. ಇಂಗ್ಲಿಷ್ ಮಾತ್ರೆಗೂ ಈ ವ್ಯಾಕರಣ ಹತ್ತುತ್ತದೆ ಅಂತ ಯಾರಿಗೆ ಗೊತ್ತು?

“ಬಾಯಿಬಿಟ್ಟು ಖಾಲಿ ಆಗ್ಯಾವ ಅನ್ನಬಾರದೇನಮ್ಮ?” ಅಂತ ರೇಗಿದೆ. ಭಯಕ್ಕೆ ಬಂದ ಸಿಟ್ಟು ಅದು.

“ದಿನಾ ಹೇಳಿನಲ್ಲಪ್ಪ. ನೀನೂ ಆತು ಬಿಡಮ್ಮ ಅಂದಿ. ತರ್ತೀ ಅಂತ ಹಾದಿ ಕಾಯ್ತಿದ್ದೆ” ಅಂದರು ಅಮ್ಮ, ತಪ್ಪೆಲ್ಲ ತಮ್ಮದೇ ಎಂಬಂತೆ.

ಸುನೀತಾಳನ್ನು ಕೇಳಿದೆ: ನಿನಗೆ ಹೇಗಮ್ಮ ತಿಳಿಯಿತು?

“ನಮ್ದು ಊರಾಗ ಭೀ ಹಂಗೇ ಸಾರ್. ದೀಪ ಆರ್ಸಿದ್ರ, ದಿಯಾ ಬಢ್ ಗಯಾ. ದುಕಾನ್ ಮುಚ್ಚಿದ್ರ, ದುಕಾನ್ ಬಢ್ ಗಯಾ. ಬಢ್ ಗಯಾ ಅಂದ್ರ ಹೆಚ್ಚಾತು. ನಮ್ಮ ದಾದಿ, ಅಂದ್ರ ಅಜ್ಜಿ, ಇಲ್ಲ ಅನ್ನೋದೇ ಇಲ್ಲ.”

ಗಂಗೆಯ ದಂಡೆಯ ಅಜ್ಜಿಗೂ ತುಂಗಭದ್ರೆಯ ದಂಡೆಯ ಅಮ್ಮನಿಗೂ ಒಂದೇ ನಿಘಂಟು! ನಡುವೆ ಎಂ.ಎ. ಓದಿದ ನಾನೊಬ್ಬ ಹೊರಗಿನವನು.

ನನ್ನ ಕಣ್ಣು ತುಂಬಿದ್ದು ಆಮೇಲೆ. ಅಮ್ಮ ಮೆಲ್ಲಗೆ ಎದ್ದು, ಗೋಡೆಯ ಮೇಲಿನ ಹಂಪಿಯ ಪ್ರಾಣದೇವರ ಪಟಕ್ಕೆ ಕೈಮುಗಿದರು. “ಇಲ್ಲ ಅಂದ್ರ ಕೊಟ್ಟಾವ್ಗ ಅವಮಾನ ಮಾಡಿದಂಗಪ್ಪ. ಇಷ್ಟು ವರ್ಷ ಕೊಟ್ಟಾನ, ಈಗ ಮರೀತಾನೇನು? ನಾ ನಿನಗ ಹೇಳಿದೆ, ನಿನಗ ತಿಳೀಲಿಲ್ಲ. ಅವನಿಗೂ ಅದನ್ನ ಹೇಳಿದೆ. ಅವನಿಗೆ ತಿಳೀತು.”

“ಆಕಿ ಬಟ್ಟಿ ಒಣಗಿಸಲಿಕ್ಕೆ ಬಂದಿದ್ಲಮ್ಮ” ಅಂದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ?

“ದಿನಾ ಮ್ಯಾಲೇ ಒಣಗಿಸ್ತಾಳ. ಅವತ್ತು ಕೆಳಗ ಇಳಿಸಿದವ್ರು ಯಾರು?”

ಅಮ್ಮ ಉಳಿದಿದ್ದರು, ಬಳ್ಳಾರಿಯಲ್ಲಿ ಹೆಂಡತಿ ಗಂಜಿ ಕುಡಿದಿದ್ದಳು. ದೇವರು ಮರೆತಿದ್ದಾನೆ ಅಂತ ನಾನು ಆಸ್ಪತ್ರೆಯಲ್ಲಿ ಗೋಳಾಡುತ್ತಿದ್ದಾಗ, ಅವನು ನಮ್ಮ ಮನೆಯ ಮೆಟ್ಟಿಲಿಳಿದು ಬಂದಿದ್ದ. ನನ್ನ ಬೈಗುಳ ತಿಂದವಳ ಕಾಲಿನಲ್ಲಿ. ನಾನೂ ಪಟದ ಮುಂದೆ ಕೈಮುಗಿದೆ. ಬಹಳ ದಿನದ ಮೇಲೆ ಏನನ್ನೂ ಬೇಡದೆ ಮುಗಿದ ಕೈ ಅದು.

(ಇದನ್ನು ಓದಿ ಯಾರೂ ದೇವರ ಮೇಲೆ ಭಾರ ಹಾಕಿ ಬಿಪಿ ಮಾತ್ರೆ ಬಿಡಬೇಡಿ. ಡಾಕ್ಟರು ನನಗೆ ಬೈದದ್ದನ್ನು ಹಾಗೇ ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲ.)

ಹೆಂಡತಿ ಈಗ ಮನೆಗೆ ಬಂದಿದ್ದಾಳೆ. ಸುನೀತಾಳ ಕೈಯ ಸಾಸಿವೆ ಎಣ್ಣೆಯ ಪಲ್ಯ ನಮ್ಮ ಅಡುಗೆಮನೆಯೊಳಗೂ ಬಂದಿದೆ. ಟ್ಯಾಂಕ್ ಈಗಲೂ ತುಂಬಿ ಹರಿಯುತ್ತದೆ. ನಾನೇ ಮೇಲೆ ಹತ್ತಿ ಹೋಗಿ, “ಸುನೀತಾ, ನೀರು ಹೆಚ್ಚಾಗ್ಯಾವಮ್ಮ” ಅನ್ನುತ್ತೇನೆ. ಖಾಲಿಯಾಯಿತು ಅಂತ ತಿಳಿದು ಆಕೆ ಮೋಟರ್ ಬಂದ್ ಮಾಡುವುದೇ ಇಲ್ಲ.

ಮೊನ್ನೆ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಮರುಕದಿಂದ ಕೇಳಿದರು: “ಏನ್ರಿ ಸಾರ್, ಈ ಸಲ ನಿಮಗ ಕಷ್ಟ ಭಾಳ ಹೆಚ್ಚಾದ್ವಂತ?”

“ಹೌದ್ರಿ, ಪೂರ್ತಿ ಹೆಚ್ಚಾದ್ವು,” ಅಂದೆ, “ನಮ್ಮಮ್ಮನ ಕನ್ನಡದಾಗ!”