ಶೋಯೆಬ್ ಡ್ರಮ್ ನಿಲ್ಲಿಸಿದ್ದು

ಶೋಯೆಬ್‌ನ ಬಲಗೈ ಮಣಿಕಟ್ಟು ಈಗ ಪೂರ್ತಿ ತಿರುಗುವುದಿಲ್ಲ. ಫೋರ್ಕ್‌ಲಿಫ್ಟ್ ಓಡಿಸಲು ತೊಂದರೆಯಿಲ್ಲ, ಡ್ರಮ್ ಬಾರಿಸಲು ತೊಂದರೆ. ಹೇಗೆ ಮುರಿಯಿತು ಎಂದು ಯಾರಾದರೂ ಕೇಳಿದರೆ ಅಮೆರಿಕದ ಅಂತರ್ಯುದ್ಧದಲ್ಲಿ ಎನ್ನುತ್ತಾನೆ. ಕೇಳಿದವರು ನಗುತ್ತಾರೆ. ಅವನು ಹೇಳುವುದು ಹೆಚ್ಚುಕಡಿಮೆ ನಿಜ.

ಅವನು ದಾವಣಗೆರೆಯವನು. ತಂದೆ ಮಕ್ಸೂದ್ ಸಾಹೇಬರು ಮದುವೆ ಬ್ಯಾಂಡ್ ಇಟ್ಟಿದ್ದರು. ಮಗನಿಗೆ ಸೈಡ್ ಡ್ರಮ್ ಕಲಿಸಿದ್ದೂ ಅವರೇ, ಬ್ಯಾಂಡಿನ ಮುಖ್ಯ ನಿಯಮ ಕಲಿಸಿದ್ದೂ ಅವರೇ. ಮೆರವಣಿಗೆಯಲ್ಲಿ ಹೊಡೆದಾಟ ಶುರುವಾದರೆ ಬಾರಿಸುವುದನ್ನು ನಿಲ್ಲಿಸಬಾರದು. ಬ್ಯಾಂಡ್ ನಿಂತರೆ ಹಿಂದೆ ಬರುತ್ತಿರುವ ಹೆಂಗಸರಿಗೂ ಗಲಾಟೆ ಗೊತ್ತಾಗುತ್ತದೆ, ಮದುವೆ ಕೆಡುತ್ತದೆ, ಎರಡೂ ಕಡೆಯವರ ಸಿಟ್ಟು ಕೊನೆಗೆ ಬ್ಯಾಂಡಿನವರ ಮೇಲೆ ತಿರುಗುತ್ತದೆ. ಒಮ್ಮೆ ಗಂಡಿನ ಕಡೆಯ ಹುಡುಗರು ಕುಣಿಯುತ್ತ ಕುಣಿಯುತ್ತ ಹೊಡೆದಾಟಕ್ಕೆ ಬಿದ್ದರು. ಸೋಡಾ ಬಾಟಲಿಗಳು ಹಾರಿದವು. ಒಬ್ಬನ ತೊಡೆ ಸೀಳಿತು. ಮಕ್ಸೂದ್ ಸಾಹೇಬರ ಹಣೆಯೂ ಒಡೆಯಿತು. ರಕ್ತ ಕಣ್ಣಿಗಿಳಿಯುತ್ತಿದ್ದರೂ ಅವರು ಟ್ರಂಪೆಟ್ ಕೆಳಗಿಳಿಸಲಿಲ್ಲ, ಪಕ್ಕದಲ್ಲಿ ಶೋಯೆಬ್ ಡ್ರಮ್ ನಿಲ್ಲಿಸಲಿಲ್ಲ. ಕೋಟು ಕೆಂಪಗಿದ್ದುದರಿಂದ ಕಲೆ ಕಾಣಲಿಲ್ಲ. ಮರುದಿನ ಹೆಣ್ಣಿನ ತಂದೆ ಮನೆಗೆ ಬಂದು ಕೈಮುಗಿದು ಹೋದರು. ತೊಡೆ ಸೀಳಿಸಿಕೊಂಡವನು ಏನಾದ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಹೆಂಡತಿ ತಾಹೇರಾಳ ಅಣ್ಣನ ಕಡೆಯಿಂದ ಗ್ರೀನ್ ಕಾರ್ಡ್ ಸಿಕ್ಕಿ ಶೋಯೆಬ್ ಅಮೆರಿಕದ ಇಲಿನಾಯ್ ರಾಜ್ಯದ ಡೆಸ್ ಪ್ಲೇನ್ಸ್‌ಗೆ ಬಂದ. ವಿಮಾನ ನಿಲ್ದಾಣದ ಹತ್ತಿರದ ಸರಕು ಗೋದಾಮಿನಲ್ಲಿ ಕೆಲಸ. ಅಲ್ಲಿ ಕರ್ಟಿಸ್ ಎಂಬ ಕಪ್ಪು ಮನುಷ್ಯ ಅವನ ಜೊತೆ ಲೋಡ್ ಮಾಡುತ್ತಿದ್ದ. ಊಟದ ಹೊತ್ತಿನಲ್ಲಿ ಶೋಯೆಬ್ ಖಾಲಿ ಡಬ್ಬದ ಮೇಲೆ ಬೆರಳಾಡಿಸುತ್ತಿದ್ದುದನ್ನು ಕೇಳಿ ಕರ್ಟಿಸ್, ನಮ್ಮ ಪಡೆಗೆ ಡ್ರಮ್ಮರ್ ಇಲ್ಲ, ಬರುತ್ತೀಯಾ ಎಂದ.

ಪಡೆ ಎಂದರೆ ವೇಷದ ಪಡೆ. ಹಳೆಯ ಅಂತರ್ಯುದ್ಧವನ್ನು ಮತ್ತೆ ಆಡಿ ತೋರಿಸುವವರು. ಉಣ್ಣೆಯ ನೀಲಿ ಕೋಟು ಹಾಕುತ್ತಾರೆ, ಗುಂಡಿಲ್ಲದ ಬಂದೂಕಿನಲ್ಲಿ ಬರೀ ಮದ್ದು ಸುಡುತ್ತಾರೆ. ಡೆಟ್ರಾಯಿಟ್‌ನಿಂದ ಪಶ್ಚಿಮಕ್ಕೆ ನಲವತ್ತು ಮೈಲಿ ದೂರದ ಹುಲ್ಲುಗಾವಲಿನಲ್ಲಿ ಪ್ರತಿ ಬೇಸಿಗೆ ಆಟ. ನೀಲಿಯವರು ಉತ್ತರದ ಸೈನ್ಯ, ಮಿಷಿಗನ್, ಇಲಿನಾಯ್ ಕಡೆಯವರು. ಎದುರಿನ ಬೂದು ಕೋಟಿನವರು ದಕ್ಷಿಣದ ಸೈನ್ಯ, ಕೆಂಟಕಿ, ಟೆನೆಸಿಯಿಂದ ಟ್ರಕ್ಕುಗಳಲ್ಲಿ ಬರುತ್ತಿದ್ದರು. ಆಟಕ್ಕೆ ಒಂದು ಕಟ್ಟುನಿಟ್ಟು ಇತ್ತು. ಡ್ರಮ್ ಕೇಳುತ್ತಿರುವವರೆಗೆ ನಡೆಯುವುದೆಲ್ಲ ಆಟ. ಡ್ರಮ್ ನಿಂತರೆ ಯಾವ ಕೋಟಿನವನಾದರೂ ಬಂದೂಕು ಕೆಳಗಿಳಿಸಿ ನಿಂತಲ್ಲೇ ನಿಲ್ಲಬೇಕು. ಯಾರಿಗಾದರೂ ನಿಜವಾಗಿ ಪೆಟ್ಟಾದರೆ ತಿಳಿಸಲು ಅದೊಂದೇ ದಾರಿ.

ಹತ್ತಿರದ ಡೌನರ್ಸ್ ಗ್ರೋವ್‌ನ ಶ್ಯಾಮ್ ಅಂಕಲ್ ಮನೆಯಲ್ಲಿ ಕನ್ನಡದವರು ಸೇರಿದಾಗ ಶೋಯೆಬ್ ತಮಾಷೆಯ ವಸ್ತುವಾದ. ಶ್ಯಾಮ್ ಮೈಸೂರಿನ ಎಂಜಿನಿಯರ್. "ಏನ್ರೀ ಜನರಲ್, ಈ ಸಲ ಎಷ್ಟ್ ಜನನ ಮುಗಿಸಿದ್ರಿ?" ಎಂದು ಕೇಳುವರು. ತಾಹೇರಾಳೂ ಬಿಡುತ್ತಿರಲಿಲ್ಲ. ಊರಲ್ಲಿ ಕೆಂಪು ಕೋಟು, ಇಲ್ಲಿ ನೀಲಿ ಕೋಟು, ಬಾರಿಸೋ ಹಣೆಬರ ಮಾತ್ರ ತಪ್ಪಲಿಲ್ಲ ಎನ್ನುವಳು.

ಕರ್ಟಿಸ್‌ಗೆ ಅದು ತಮಾಷೆಯಾಗಿರಲಿಲ್ಲ. ಅವನ ಮುತ್ತಜ್ಜನ ತಂದೆ ಕೆಂಟಕಿಯ ತಂಬಾಕು ಹೊಲದ ಗುಲಾಮ. ನದಿ ದಾಟಿ, ಉತ್ತರಕ್ಕೆ ನಡೆದು, ಡೆಟ್ರಾಯಿಟ್ ಮುಟ್ಟಿ ಕೆನಡಾ ಸೇರಿದವನು. ಆಗ ದಕ್ಷಿಣದ ರಾಜ್ಯಗಳಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದರು, ಉತ್ತರದಲ್ಲಿ ಅದಿರಲಿಲ್ಲ. ಆದರೂ ಓಡಿಬಂದವರನ್ನು ಹಿಡಿದುಕೊಡಬೇಕೆಂದು ಇಡೀ ದೇಶಕ್ಕೆ ಕಾನೂನಿತ್ತು. ದಕ್ಷಿಣದವರು ಸಂಕೋಲೆ ಹಿಡಿದು ಕುದುರೆಯ ಮೇಲೆ ಮಿಷಿಗನ್‌ವರೆಗೂ ಬರುತ್ತಿದ್ದರು. ಕೆಲವು ಊರುಗಳಲ್ಲಿ ಜನ ದೊಣ್ಣೆ ಹಿಡಿದು ಅವರನ್ನು ತಡೆದರು. ದೊಡ್ಡ ಯುದ್ಧಕ್ಕೆ ಮೊದಲೇ ಚಿಕ್ಕ ಯುದ್ಧಗಳು ಇಂಥ ರಸ್ತೆಗಳಲ್ಲಿ ಆಗಿಹೋಗಿದ್ದವು ಎಂದು ಕರ್ಟಿಸ್ ಹೇಳುತ್ತಿದ್ದ. ಆಟದಲ್ಲಿ ಬರೀ ಫಿರಂಗಿ ತೋರಿಸಿ ಪ್ರಯೋಜನವಿಲ್ಲ, ಒಬ್ಬ ಮನುಷ್ಯನನ್ನು ಹಿಡಿದು ಎಳೆಯುವುದನ್ನು ತೋರಿಸಬೇಕು, ಆ ಮನುಷ್ಯ ತಾನೇ ಆಗುತ್ತೇನೆ ಎಂದು ಆಟ ನಡೆಸುವ ಕಮಿಟಿಯನ್ನು ಕೇಳಿಕೊಂಡ.

ಅಲ್ಲಿಂದ ಜಗಳ ಶುರುವಾಯಿತು. ಬೂದು ಕೋಟಿನವರು ಸಂಕೋಲೆಯ ದೃಶ್ಯ ಬೇಡವೆಂದರು. ಯುದ್ಧ ಆದದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ, ತಮ್ಮ ಅಜ್ಜಂದಿರನ್ನು ರಾಕ್ಷಸರನ್ನಾಗಿ ಮಾಡುವುದಾದರೆ ಬರುವುದಿಲ್ಲ ಎಂದರು. ನೀಲಿಯವರಲ್ಲೇ ಅರ್ಧ ಜನ, ಯಾಕೆ ಸುಮ್ಮನೆ, ಅವರಿಲ್ಲದೆ ಯುದ್ಧ ಯಾರ ಜೊತೆ ಆಡೋಣ ಎಂದರು. ಚಳಿಗಾಲವೆಲ್ಲ ಮಾತು ಬೆಳೆಯಿತು. ಒಬ್ಬನ ಟ್ರಕ್ಕಿನ ಗಾಜು ಒಡೆದರು. ಮತ್ತೊಬ್ಬನ ಮನೆ ಬಾಗಿಲಿಗೆ ಸತ್ತ ಕೋಳಿ ಕಟ್ಟಿದ್ದರು. ಕೊನೆಗೆ ಕೆಂಟಕಿಯ ವೇಡ್ ಎಂಬವನು, ಸರಿ, ಹಿಡಿಯುವವನ ಪಾತ್ರ ನಾನೇ ಮಾಡುತ್ತೇನೆ ಎಂದು ಒಪ್ಪಿಕೊಂಡ. "ಅಷ್ಟು ನೋಡಬೇಕಂತಿದೆಯಲ್ಲ," ಎಂದ ಅವನು ಕರ್ಟಿಸ್‌ಗೆ, "ಸರಿಯಾಗಿಯೇ ತೋರಿಸೋಣ."

ಡ್ರಮ್ ಸರಿಮಾಡುತ್ತಿದ್ದ ಶೋಯೆಬ್‌ಗೂ ಅದು ಕೇಳಿಸಿತು. ಕರ್ಟಿಸ್ ಅವನ ಕಡೆ ತಿರುಗಿ, ನೀನಿದ್ದೀಯಲ್ಲ ಎಂದ.

ಆ ದಿನ ತೊಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಹಗ್ಗದ ಆಚೆ ಜನ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಶೋಯೆಬ್ ಸಣ್ಣ ದಿಬ್ಬದ ಮೇಲೆ ನಿಂತು ಬಾರಿಸತೊಡಗಿದ. ಜೋಳದ ಹೊಲದಿಂದ ಕರ್ಟಿಸ್ ಬರಿಗಾಲಲ್ಲಿ ಓಡಿಬಂದ. ಹಿಂದೆ ವೇಡ್ ಮತ್ತು ಅವನ ಇಬ್ಬರು ಜೊತೆಗಾರರು ಕುದುರೆಯಿಂದ ಇಳಿದು ಓಡಿದರು. ಅಭ್ಯಾಸದಲ್ಲಿ ಮಾಡಿದ್ದೇನೆಂದರೆ, ಬಂದೂಕಿನ ಹಿಡಿ ಕರ್ಟಿಸ್‌ನ ಮುಖಕ್ಕೆ ಒಂದು ಗೇಣು ದೂರದಲ್ಲಿ ನಿಲ್ಲಬೇಕು, ಅವನು ತಾನಾಗಿ ಬೀಳಬೇಕು, ಆಮೇಲೆ ಊರಿನ ಜನವಾಗಿರುವ ನೀಲಿಯವರು ದೊಣ್ಣೆ ಹಿಡಿದು ಬರಬೇಕು.

ಹಿಡಿ ನಿಲ್ಲಲಿಲ್ಲ. ದವಡೆಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಶಬ್ದ ದಿಬ್ಬದವರೆಗೂ ಬಂತು. ಕರ್ಟಿಸ್ ಬೀಳುವ ಮೊದಲೇ ಎರಡನೆಯದು ಬಿತ್ತು. ಬಾಯಿಂದ ರಕ್ತ, ರಕ್ತದ ಜೊತೆ ಹಲ್ಲು. ಬಣ್ಣವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ವೇಡ್ ಬೂಟಿನಿಂದ ಪಕ್ಕೆಗೆ ಒದ್ದ, ಮತ್ತೆ ಒದ್ದ. ಇನ್ನೊಬ್ಬ ಕರ್ಟಿಸ್‌ನ ಬೆರಳುಗಳ ಮೇಲೆ ಹಿಮ್ಮಡಿ ಊರಿ ತಿರುವಿದ. ನೀಲಿಯವರು ಇನ್ನೂ ತಮ್ಮ ಪಾಠದ ಮಾತು ಕೂಗುತ್ತ, ತಮ್ಮ ಸರದಿಗಾಗಿ ಮರದ ಕೆಳಗೆ ಕಾಯುತ್ತಿದ್ದರು. ಡ್ರಮ್ ಕೇಳುತ್ತಿತ್ತು, ಆದ್ದರಿಂದ ಅದು ಆಟ.

ಶೋಯೆಬ್ ಬಾರಿಸುತ್ತಲೇ ಇದ್ದ. ನಿಲ್ಲಿಸಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ರಕ್ತ ಕಂಡ ಕೂಡಲೇ ಕೈಗಳು ಜೋರಾದವು, ದಾವಣಗೆರೆಯ ರಸ್ತೆಯಲ್ಲಿ ಆಗುತ್ತಿದ್ದ ಹಾಗೆ. ನಿಲ್ಲಿಸಿದರೆ ಎಲ್ಲ ಕೆಡುತ್ತದೆ ಎಂದು ಕೈಗಳೇ ನಂಬಿದಂತಿತ್ತು. ಕರ್ಟಿಸ್ ಮಣ್ಣಿನಲ್ಲಿ ತಲೆ ತಿರುಗಿಸಿದ. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ದಿಬ್ಬದ ಕಡೆ ನೋಡುತ್ತಿತ್ತು, ಬೂಟು ಬಿದ್ದಾಗ ಅಲ್ಲಾಡಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಆಗ ಶೋಯೆಬ್ ಕೋಲುಗಳನ್ನು ಕೆಳಗೆ ಬಿಟ್ಟುಬಿಟ್ಟ.

ಹುಲ್ಲುಗಾವಲೆಲ್ಲ ಒಮ್ಮೆಗೇ ಸುಮ್ಮನಾಯಿತು. ಬಂದೂಕುಗಳು ಕೆಳಗಿಳಿದವು. ಕುರ್ಚಿಗಳಲ್ಲಿ ಯಾರೋ ಒಬ್ಬರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು, ಅವರೂ ನಿಲ್ಲಿಸಿದರು. ಉಳಿದದ್ದು ವೇಡ್‌ನ ಬೂಟು ಪಕ್ಕೆಗೆ ಬೀಳುವ ಸದ್ದು, ಅದೊಂದೇ. ಈಗ ಅದು ಎಲ್ಲರಿಗೂ ಕೇಳಿಸಿತು.

ಮಕ್ಸೂದ್ ಸಾಹೇಬರು ಹೇಳಿದ್ದೂ ಸುಳ್ಳಾಗಲಿಲ್ಲ. ವೇಡ್‌ನ ಜೊತೆಗಾರನೊಬ್ಬ ಬೈಯುತ್ತ ದಿಬ್ಬ ಹತ್ತಿ ಬಂದೂಕಿನ ಹಿಡಿಯಿಂದ ಡ್ರಮ್ಮಿನ ಚರ್ಮ ಒಡೆದ. ತಡೆಯಲು ಚಾಚಿದ ಬಲಗೈಗೆ ಎರಡನೆಯ ಏಟು. ಶೋಯೆಬ್ ಮಂಡಿಯೂರಿದ. ಮೂರನೆಯದು ಕಿವಿಯ ಮೇಲೆ ಬಿತ್ತು. ಕೆಳಗೆ ನೀಲಿಯವರು ಓಡಿದರು, ಬೂದು ಕೋಟಿನವರು ಅಡ್ಡ ಬಂದರು, ಆಮೇಲೆ ಆಟವೇ ಇರಲಿಲ್ಲ. ಉಣ್ಣೆ ಕೋಟಿನ ಹಿರಿಯರು ಒಬ್ಬರ ಗಂಟಲಿಗೆ ಒಬ್ಬರು ಕೈ ಹಾಕಿದರು. ನೀಲಿಯವರಲ್ಲಿದ್ದ ಒಬ್ಬ ಶಾಲೆ ಮೇಷ್ಟ್ರು ದೊಣ್ಣೆಯಿಂದ ಹೊಡೆದು ಒಬ್ಬನ ಮೂಗು ಒಡೆದರು, ಅವನು ಬಿದ್ದ ಮೇಲೂ ಹೊಡೆದರು. ಬೆದರಿದ ಕುದುರೆ ಕುರ್ಚಿಗಳ ಮಧ್ಯೆ ನುಗ್ಗಿತು. ಪೊಲೀಸರು ಬಂದು ಎಲ್ಲರನ್ನೂ ಹುಲ್ಲಿನ ಮೇಲೆ ಬೋರಲು ಮಲಗಿಸುವ ಹೊತ್ತಿಗೆ, ಯಾವ ರಕ್ತ ನಿಜ ಯಾವುದು ಬಣ್ಣ ಎಂದು ಹೇಳುವ ಹಾಗಿರಲಿಲ್ಲ.

ವೇಡ್ ಜೈಲಿಗೆ ಹೋದ. ಪಡೆ ಒಡೆದು ಎರಡಾಯಿತು. ಶೋಯೆಬ್ ಮಾತ್ರ ದೊಡ್ಡವನಾದ. ಡ್ರಮ್ ನಿಲ್ಲಿಸಿ ಜೀವ ಉಳಿಸಿದವನು ಎಂದು ಮಸೀದಿಯಲ್ಲಿ ಎಬ್ಬಿಸಿ ನಿಲ್ಲಿಸಿ ಹೊಗಳಿದರು. ಶ್ಯಾಮ್ ಅಂಕಲ್ ತಮಾಷೆ ಬಿಟ್ಟು, ಅವನ ಪ್ಲಾಸ್ಟರ್ ಹಾಕಿದ ಕೈಯನ್ನೇ ಹಿಡಿದುಕೊಂಡು ಫೋಟೊ ತೆಗೆಸಿಕೊಂಡರು. ಅವರ ಹೆಂಡತಿ ಅನಸೂಯ ಆಂಟಿ ಶೋಯೆಬ್‌ನ ತಟ್ಟೆಗೆ ಎರಡು ಸಲ ಹೋಳಿಗೆ ಬಡಿಸಿದರು. ಅವನು ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ತಾಹೇರಾ ಗಮನಿಸಿದಳು.

ಕರ್ಟಿಸ್‌ನ ದವಡೆಗೆ ಕಟ್ಟಿದ ತಂತಿ ಬಿಚ್ಚುವವರೆಗೆ ಶೋಯೆಬ್ ಅವನನ್ನು ನೋಡಲು ಹೋಗಲಿಲ್ಲ. ಹೋದಾಗ ಕರ್ಟಿಸ್ ಮನೆಯ ಗ್ಯಾರೇಜಿನಲ್ಲಿ ಕುಳಿತಿದ್ದ. ಎಡಗೈಯ ಎರಡು ಬೆರಳು ಸೊಟ್ಟಗಾಗಿದ್ದವು. ಬಾಯಿ ಸಣ್ಣದಾಗಿ ತೆರೆದು, ನಿಧಾನವಾಗಿ ಮಾತಾಡಿದ.

"ನಾನು ನಿನ್ನನ್ನೇ ನೋಡ್ತಿದ್ದೆ."

"ಗೊತ್ತು."

"ಮೊದಲ ಏಟಿಗೇ ನಿನಗೆ ತಿಳೀತು. ನಿನ್ನ ಡ್ರಮ್ ಜೋರಾಯ್ತು."

ಶೋಯೆಬ್ ಅಪ್ಪನ ನಿಯಮ ಹೇಳಿದ, ಸೋಡಾ ಬಾಟಲಿ ಹೇಳಿದ, ತೊಡೆ ಸೀಳಿಸಿಕೊಂಡವನ ಬಗ್ಗೆಯೂ ಹೇಳಿದ. ಕರ್ಟಿಸ್ ಪೂರ್ತಿ ಕೇಳಿಸಿಕೊಂಡ. ಆಮೇಲೆ, ಹಾಗಾದರೆ ಆ ಮನುಷ್ಯ ಏನಾದ ಎಂದು ಕೇಳಿದ. ಗೊತ್ತಿಲ್ಲ ಎಂದ ಶೋಯೆಬ್. ಕರ್ಟಿಸ್ ತನ್ನ ಸೊಟ್ಟ ಬೆರಳುಗಳನ್ನು ಮಡಿಸಲು ನೋಡಿದ. ಹೋಗು ಎನ್ನುತ್ತಾನೆಂದು ಶೋಯೆಬ್ ಕಾಯ್ದ.

ಕರ್ಟಿಸ್ ಹೇಳಿದ್ದು ಬೇರೆ. ಮುಂದಿನ ಬೇಸಿಗೆ ಸಂಕೋಲೆಯ ದೃಶ್ಯ ತೆಗೆದುಹಾಕಬೇಕೆಂದು ಕಮಿಟಿ ಹೇಳುತ್ತಿದೆ. ತಾನು ಬಿಡುವುದಿಲ್ಲ, ಮತ್ತೆ ಓಡಿಬರುತ್ತೇನೆ. ಡ್ರಮ್ಮಿಗೆ ಹೊಸಬರನ್ನು ಹುಡುಕಬಹುದು. ಆದರೆ ಹೊಸಬರಿಗೆ ನಿಜವಾದ ಏಟಿನ ಸದ್ದು ಹೇಗಿರುತ್ತದೆಂದು ಗೊತ್ತಿರುವುದಿಲ್ಲ.

"ನಿನಗೆ ಬಾರಿಸೋದು ಬರುತ್ತೆ," ಎಂದ. "ನಿಲ್ಲಿಸೋದು ಕಲಿ."

ಚಳಿಗಾಲದ ಭಾನುವಾರಗಳಲ್ಲಿ ಇಬ್ಬರೂ ಅದೇ ಗ್ಯಾರೇಜಿನಲ್ಲಿ ಸೇರಿದರು. ಶೋಯೆಬ್ ಎಡಗೈಯಲ್ಲಿ ಬಾರಿಸುವನು, ಬಲಗೈ ಬರೀ ತಾಳ ಹಿಡಿಯುವುದು. ಕರ್ಟಿಸ್ ಪಕ್ಕೆ ಹಿಡಿದುಕೊಂಡು ಸಿಮೆಂಟಿನ ಮೇಲೆ ಮಲಗುವನು. ಅವನ ತಮ್ಮ ಬಂದೂಕಿನ ಹಿಡಿ ಎತ್ತುವನು. ಎಷ್ಟೋ ಸಲ ಅದು ಗೇಣು ದೂರದಲ್ಲಿ ನಿಲ್ಲುತ್ತಿತ್ತು, ಕೆಲವೊಮ್ಮೆ ಹೇಳದೆ ಕೇಳದೆ ಪಕ್ಕದ ಮರಳು ಚೀಲಕ್ಕೆ ನಿಜವಾಗಿ ಬೀಳುತ್ತಿತ್ತು. ಬಿದ್ದಾಗೆಲ್ಲ ಶೋಯೆಬ್‌ನ ಕೈ ಮೊದಲು ಜೋರಾಗುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ಮತ್ತೊಮ್ಮೆ ಎನ್ನುವನು ಕರ್ಟಿಸ್, ನೆಲದಿಂದಲೇ.

ಹಿಮ ಕರಗುತ್ತಿದ್ದ ಒಂದು ಭಾನುವಾರ ಕರ್ಟಿಸ್‌ನ ತಮ್ಮ ಬಂದೂಕಿನ ಹಿಡಿಯನ್ನು ಭುಜದವರೆಗೆ ಎತ್ತಿದ್ದನಷ್ಟೆ. ಡ್ರಮ್ ನಿಂತಿತು.

ಕರ್ಟಿಸ್ ಒಂದು ಕಣ್ಣು ತೆರೆದು ನೋಡಿದ. "ಇನ್ನೂ ಹೊಡೆದೇ ಇಲ್ಲವಲ್ಲೋ. ಬಹಳ ಬೇಗ ಆಯ್ತು."

"ಇರಲಿ," ಎಂದ ಶೋಯೆಬ್. ಕೋಲು ಎತ್ತಲಿಲ್ಲ.