ಬಾಗಿಲ ಬಲಗಡೆಯ ಓರೆ ಗುರುತು

ಕರಾಮ ಬಡಾವಣೆಯ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದು, ಬೆಳಿಗ್ಗೆ ಎಂಟಕ್ಕೆ ನಾವು ಮೂವರು ಅಬುಧಾಬಿಗೆ ಹೊರಟೆವು. ಮಗಳ ಮನೆಗೆ ಬಂದು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡ ಜರ್ಮನಿಯ ಇಂಗ್ರಿಡ್, ಅವರನ್ನು ನೋಡಿಕೊಳ್ಳುವ ನರ್ಸ್ ನಾನು, ಜೊತೆಗೆ ಗದಗ ಕಡೆಯ ಬಡಗಿ ಈರಣ್ಣ.

ಪ್ರಯಾಣಕ್ಕೆ ಕಾರಣ ಆ ಮಗಳ ಮನೆಯ ಗೋಡೆಯ ಮೇಲಿದ್ದ ಒಂದು ಫೋಟೊ. ಹಳೇ ಬಾಗಿಲ ಚೌಕಟ್ಟು; ಬಲಗಡೆ, ಭುಜದೆತ್ತರದಲ್ಲಿ, ಏನನ್ನೋ ಕಿತ್ತು ತೆಗೆದು ಬಣ್ಣ ಮೆತ್ತಿದ ಓರೆ ಗುರುತು. ಕಪಾಟು ರಿಪೇರಿಗೆ ಬಂದ ಈರಣ್ಣ ಅದರ ಮುಂದೆಯೇ ನಿಂತುಬಿಟ್ಟ.

“ಸಿಸ್ಟರ್, ಇಂಥ ಜಾಗಾದಾಗ ನಾ ಅಬುಧಾಬ್ಯಾಗ ಒಂದು ಕೊಳವಿ ಹಚ್ಚೇನ್ರಿ. ಯೆಹೂದ್ಯರ ಗುಡಿ ಬಾಗಲಕ್ಕ. ಸೊಟ್ಟ ಆತಲ್ಲ ಅಂತ ಲೆವೆಲ್ ಇಟ್ಟು ನೆಟ್ಟಗ ಮಾಡಿಬಿಟ್ಟಿದ್ದೆ. ಸೂಪರ್‌ವೈಸರ್ ಬೈದು ಬಿಚ್ಚಿಸಿದ್ರು. ಓರೇನ ಇರ್ಬೇಕಂತ!”

ನಾನು ಅದನ್ನು ಇಂಗ್ರಿಡರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಆ ದಿನ ಊಟ ಮಾಡಲಿಲ್ಲ; ಆ ಗುಡಿಯ ಬಾಗಿಲನ್ನು ನೋಡಲೇಬೇಕು ಎಂದರು.

ಮೆಟ್ರೊ ಇಳಿದು ಬಸ್ ಹತ್ತಿದೆವು. ಟಿಕೆಟ್ ಇಪ್ಪತ್ತೈದು ದಿರ್ಹಮ್, ಎರಡು ತಾಸಿನ ದಾರಿ. ಧೂಳಿನಲ್ಲಿ ಜೆಬೆಲ್ ಅಲಿ ಬಂದರಿನ ಕ್ರೇನುಗಳು ಮಸುಕಾಗಿದ್ದವು. ಅವು ಮರೆಯಾದ ಮೇಲೆ ಇಂಗ್ರಿಡ್ ತಾವಾಗಿಯೇ ಮಾತು ತೆಗೆದರು.

ಯುದ್ಧದ ಕಾಲದಲ್ಲಿ ಅವರ ತಂದೆಯನ್ನು ಒಂದು ರೈತ ಕುಟುಂಬ ತನ್ನ ಮಗನೆಂದೇ ಹೇಳಿ ಸಾಕಿತ್ತು. ಅದಕ್ಕೂ ಹಿಂದಿನದನ್ನು ತಂದೆ ಎಂದೂ ಬಾಯಿ ಬಿಟ್ಟು ಹೇಳಿದವರಲ್ಲ. ಎರಡು ಜರ್ಮನಿಗಳು ಒಂದಾದ ವರ್ಷ ಅವರು ಇಂಗ್ರಿಡರನ್ನು ಕರೆದುಕೊಂಡು ನೇರವಾಗಿ ಪೂರ್ವದ ಒಂದು ಮನೆಗೆ ಹೋದರು. ಗಂಟೆ ಒತ್ತಲಿಲ್ಲ. ಬಾಗಿಲ ಆ ಓರೆ ಗುರುತನ್ನು ಮುಟ್ಟಿ, ಬೆರಳನ್ನು ತುಟಿಗೊತ್ತಿಕೊಂಡು, ಹಿಂತಿರುಗಿದರು.

“ಅಳು ತಡೀತಿದ್ದಾರೆ ಅಂದುಕೊಂಡು ಫೋಟೊ ಮಾತ್ರ ತೆಗೆದೆ. ಅವರು ಸಾಯುವವರೆಗೂ ಕೇಳಲಿಲ್ಲ,” ಎಂದರು ಇಂಗ್ರಿಡ್. “ಅಪ್ಪ ಯಾರ ಮಗ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.”

ಅಬುಧಾಬಿಯಲ್ಲಿ ಬಿಸಿಲು ಕೆಂಡವಾಗಿತ್ತು. ಒಂದೇ ಆವರಣದಲ್ಲಿ ಮಸೀದಿ, ಚರ್ಚು, ಯೆಹೂದ್ಯರ ಮಂದಿರ. ನಮ್ಮೂರು ಶಿರ್ವದ ಇಗರ್ಜಿಯನ್ನೇ ದೊಡ್ಡ ಚರ್ಚು ಎಂದುಕೊಂಡು ಬೆಳೆದ ನಾನು ಆ ಬಿಳಿ ಗೋಡೆಗಳನ್ನು ಬಾಯಿ ಬಿಟ್ಟು ನೋಡಿದೆ. ಈರಣ್ಣ ಮಾತ್ರ ಸ್ವಂತ ಮನೆ ತೋರಿಸುವವನ ಗತ್ತಿನಲ್ಲಿ ಮುಂದೆ ನಡೆದ.

ಯೆಹೂದ್ಯರ ಮಂದಿರದ ಬಾಗಿಲ ಬಲಗಡೆ ಒಂದು ಸಣ್ಣ ಕೊಳವೆ ಓರೆಯಾಗಿ ಕೂತಿತ್ತು. ಒಳಗೆ ದೇವರ ಮಾತು ಬರೆದ ಸುರುಳಿ ಇರುತ್ತದೆ, ಯೆಹೂದ್ಯರು ತಮ್ಮ ಮನೆಬಾಗಿಲಿಗೂ ಹಾಕುತ್ತಾರೆ ಎಂದಳು ಅಲ್ಲಿನ ಗೈಡ್ ಹುಡುಗಿ. ಆಮೇಲೆ ಪದ್ಧತಿ ತೋರಿಸಲೆಂದು ಕೊಳವೆಯನ್ನು ಮುಟ್ಟಿ, ಬೆರಳನ್ನು ತುಟಿಗೊತ್ತಿಕೊಂಡಳು.

ಇಂಗ್ರಿಡರ ಊರುಗೋಲು ನೆಲಕ್ಕೆ ಬಿತ್ತು. ನಾನು ತೋಳು ಹಿಡಿದುಕೊಂಡೆ. ಅವರು ಕೊಳವೆಯ ಎತ್ತರವನ್ನು ತಮ್ಮ ಭುಜಕ್ಕೆ ಅಳೆದು ನೋಡಿದರು.

“ಆ ಮನೆ ಬಿಟ್ಟಾಗ ಅಪ್ಪನಿಗೆ ಆರೇಳು ವರ್ಷ ಇದ್ದಿರಬೇಕು. ಅವನಿಗೆ ಇದು ಎಟುಕೋದಿಲ್ಲ,” ಎಂದರು. “ಯಾರೋ ದಿನಾ ಎತ್ತಿಕೊಂಡು ಮುಟ್ಟಿಸಿದ್ದಾರೆ.”

ಹೆಸರಿಲ್ಲ, ಮುಖವಿಲ್ಲ, ಆದರೂ ಮಗುವನ್ನು ಎತ್ತಿ ಹಿಡಿದ ಎರಡು ಕೈಗಳು ಆ ಬಾಗಿಲಲ್ಲಿ ನಮಗೆ ಸಿಕ್ಕಿದ್ದವು. ನಾನು ಶಿಲುಬೆಯ ಗುರುತು ಮಾಡಿಕೊಂಡೆ. ಈರಣ್ಣ ಚಪ್ಪಲಿ ಕಳಚಿ ನಿಂತಿದ್ದ.

ಅಲ್ಲಿನ ಅಂಗಡಿಯಲ್ಲಿ ಇಂಥ ಕೊಳವೆ ಸಿಗಲಿಲ್ಲ. ಯಾರನ್ನು ಕೇಳಬೇಕೆಂದು ಗೈಡ್ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಬಸ್ಸಿನಲ್ಲಿ ಇಂಗ್ರಿಡ್ ಅದನ್ನು ಹಿಡಿದೇ ನಿದ್ದೆಹೋದರು.

ಸಂಜೆ ಮನೆ ಮುಟ್ಟಿದಾಗ ಅವರು ಒಳಗೆ ಹೋಗಲಿಲ್ಲ. ಬಾಗಿಲ ಖಾಲಿ ಚೌಕಟ್ಟಿನ ಬಲಗಡೆ ಕೈಯಿಟ್ಟು ಈರಣ್ಣನ ಕಡೆ ನೋಡಿದರು. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅವರ ಬೆರಳಿದ್ದಲ್ಲೇ ಒಂದು ಓರೆ ಗೆರೆ ಎಳೆದ. ಲೆವೆಲ್ ಅವನ ಚೀಲದಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ.